ಪರೀಕ್ಷೆ ಮುಗಿಯುವ ತನಕ

ಅಂಗಡಿಯ ಯಜಮಾನತಿಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪು. ಚೀನಾದಿಂದ ಬಂದ ಫ್ಲಾಸ್ಕುಗಳ ತಳದ ಚೀಟಿಗಳನ್ನು ಆ ಉಗುರಿನಿಂದಲೇ ಕೆರೆದು ತೆಗೆಯುತ್ತಿದ್ದರು. ಆ ಬುಧವಾರವೂ ಹಾಗೇ ಕೆರೆಯುತ್ತಾ, ಬಹರೈನಿನ ಮುಹರ್ರಕ್ಕಿನ ಬಿಸಿಲಿನಲ್ಲೂ ಕುದಿನೀರು ಗುಟುಕರಿಸುತ್ತಾ ಕೂತಿದ್ದರು. ನಾನು ಫ್ರಿಜ್ಜಿನ ಬಾಟಲಿ ಎತ್ತಿದೆ. "ಠಂಡಾ ಪಾನಿ, ಹೊಟ್ಟೆಗೆ ಹರಾಮ್!" ಎಂದು ರೇಗಿಸಿದರು. ಚೀನಾದವರಾದ ಅವರು ನನ್ನೊಡನೆ ಆಡುತ್ತಿದ್ದುದು ಹಿಂದಿ, ಅರಬ್ಬಿ, ನನ್ನಿಂದ ಕಲಿತ ನಾಲ್ಕು ಕನ್ನಡ ಪದ, ಇಷ್ಟೇ. ಮರುದಿನ ಅವರ ಸ್ಕ್ಯಾನಿನ ವರದಿ ಬಂತು. ಕಾಯಿಲೆ ಕೈಮೀರಿತ್ತು.

ಹನ್ನೊಂದು ವರ್ಷ ನಾನು ಅವರ ಬಳಿ ಕೆಲಸ ಮಾಡಿದೆ. ಊರಿನಲ್ಲಿ ನನ್ನ ಅಮ್ಮನಿಗೆ ಕಾಯಿಲೆ ಜೋರಾದಾಗ ಅದೇ ಸಂಜೆಯ ವಿಮಾನಕ್ಕೆ ನನ್ನನ್ನು ಹತ್ತಿಸಿದವರು ಅವರು. "ಮುಖ ನೋಡು. ದುಕಾನ್ ಓಡಿ ಹೋಗಲ್ಲ" ಎಂದಿದ್ದರು. ಅಮ್ಮನ ಮುಖ ನೋಡಲು ನನಗೆ ಸಿಕ್ಕಿತು.

ನನ್ನ ಅಕ್ಕನ ಮಗಳು ಚೀನೀ ಭಾಷೆ ಕಲಿತು ಸಂಶೋಧನೆ ಮಾಡುತ್ತಿದ್ದಳು. ಹೊರದೇಶದಲ್ಲಿ ದುಡಿಯುವ ಚೀನೀ ತಾಯಂದಿರು ಊರಿನಲ್ಲಿ ಬಿಟ್ಟುಬಂದ ಮಕ್ಕಳನ್ನು ಫೋನಿನಲ್ಲೇ ಹೇಗೆ ಬೆಳೆಸುತ್ತಾರೆ ಎಂಬುದು ಅವಳ ವಿಷಯ. ವರದಿಗೆ ಮುಂಚಿನ ಚಳಿಗಾಲದಲ್ಲಿ ನನ್ನ ಬಳಿ ಉಳಿಯಲು ಬಂದವಳು ಪ್ರಶ್ನೆಗಳ ಹಾಳೆ ಹಿಡಿದು ಅಂಗಡಿಗೆ ಬಂದಳು. ಯಜಮಾನತಿ ಹಾಳೆಯನ್ನು ಮಗುಚಿ, ಹಿಂಬದಿಯಲ್ಲಿ ತರಿಸಬೇಕಾದ ಕಂಬಳಿಗಳ ಬಣ್ಣ ಬರೆದುಕೊಂಡರು. "ಕಾಮ್ ಮೊದಲು. ಸವಾಲ್ ಆಮೇಲೆ."

"ಮಾವ್ಶಿ, ಇವರು ನಮ್ಮ ಪ್ರೊಫೆಸರಿಗಿಂತ ಜೋರು ಮಾರ್ರೆ!" ಎಂದಳು ಹುಡುಗಿ. ಚಿಕ್ಕಮ್ಮನಾದ ನನ್ನನ್ನು ಅವಳು ಕರೆಯುವುದು ಹಾಗೆ.

"ಅಲ್ಲಿ ಪಾಸಾದದ್ದು ದೊಡ್ಡದಲ್ಲ ಮಾರಾಯ್ತಿ, ಇಲ್ಲಿ ಆಗ್ತೀಯಾ ನೋಡುವ" ಎಂದೆ.

ಎರಡು ತಿಂಗಳು ಹುಡುಗಿ ಕಂಬಳಿ ಮಡಚಿದಳು. ಮಡಚುತ್ತಾ ಕೂತಾಗ ಯಜಮಾನತಿ ತಾವಾಗಿಯೇ ಬಾಯಿಬಿಟ್ಟರು. ಮಗ ಚೀನಾದಲ್ಲಿ ಅಜ್ಜಿಯ ಜೊತೆ ಇದ್ದಾನೆ, ಜೂನಿನಲ್ಲಿ ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ. ಅವನು ರಾತ್ರಿಪಾಠ ಮುಗಿಸಿ ವಿಡಿಯೊ ಕರೆ ಮಾಡುವಾಗ ಇಲ್ಲಿ ಸಂಜೆ ಐದು. ಅದಕ್ಕೆ ಮೊದಲು ಬೆವರೊರೆಸಿ, ಲಿಪ್‌ಸ್ಟಿಕ್ ಹಚ್ಚಿ, ತುಂಬಿದ ಶೆಲ್ಫಿನ ಎದುರು ನಿಲ್ಲುವರು. ಖಾಲಿ ಶೆಲ್ಫ್ ಕಂಡರೆ ವ್ಯಾಪಾರದ ಚಿಂತೆಯಲ್ಲಿ ಹುಡುಗ ಓದುವುದಿಲ್ಲ ಎನ್ನುವರು.

ವರದಿ ಬಂದ ಮೇಲೆ ಮಗನ ಬಗ್ಗೆ ಅವರು ಹೇಳಿದ್ದು ಒಂದೇ ಮಾತು: "ಪರೀಕ್ಷೆ ಖಲಾಸ್, ಆಮೇಲೆ ಹೇಳಿ." ಅಲ್ಲಿ ಅಜ್ಜಿಯೂ ಒಪ್ಪಿದರು.

"ಅಲ್ಲಿ ಹಾಗೇ ಮಾವ್ಶಿ" ಎಂದಳು ಹುಡುಗಿ. "ಪರೀಕ್ಷೆಯ ಮುಂಚೆ ಮನೆಯಲ್ಲಿ ಯಾರು ಸತ್ತರೂ ಎಷ್ಟೋ ಮಂದಿ ಮಕ್ಕಳಿಗೆ ಹೇಳುವುದಿಲ್ಲ. ನಾನೇ ಬರ್ಕೊಂಡಿದ್ದೇನೆ."

"ಬರ್ಕೊಂಡದ್ದು ಸರಿ. ಈಗ ನೀನೇ ಹೇಳ್ಬೇಕಲ್ಲ ಸುಳ್ಳು?"



ದನಿ ಇರುವ ತನಕ ಯಜಮಾನತಿ ಆಸ್ಪತ್ರೆಯಿಂದಲೇ ಮಾತಾಡಿದರು. ನಾನು ಲಿಪ್‌ಸ್ಟಿಕ್ ಹಚ್ಚಿ, ಮಂಚದ ಹಿಂದೆ ಅಂಗಡಿಯ ಎರಡು ಕಂಬಳಿ ತೂಗುಹಾಕುತ್ತಿದ್ದೆ. ಕೊನೆಯ ಮೂರು ದಿನ ದನಿ ನಿಂತಿತು. ಎಚ್ಚರ ಮಾತ್ರ ಇತ್ತು, ಕರೆದರೆ ಕಣ್ಣು ತೆರೆಯುತ್ತಿದ್ದರು. ಐದು ಗಂಟೆಗೆ ಹುಡುಗನ ಕರೆ ನನ್ನ ಕೈಯಲ್ಲಿದ್ದ ಅವರ ಫೋನಿಗೆ ಬಂತು. ಕ್ಯಾಮೆರಾ ಬಂದ್ ಮಾಡಿ ನಾನೂ ಹುಡುಗಿಯೂ ವಾರ್ಡಿನಿಂದ ಕಾರಿಡಾರಿಗೆ ಬಂದೆವು.

"ಸರಕು ಬಂದಿದೆ, ಅಮ್ಮ ಗೋಡೌನಿನಲ್ಲಿದ್ದಾರೆ ಅಂತ ಹೇಳು" ಎಂದೆ.

ಅವಳು ಚೀನೀ ಭಾಷೆಯಲ್ಲಿ ಒಂದೂ ತಪ್ಪಿಲ್ಲದೆ ಹೇಳಿದಳು. ಅಮ್ಮನಿಗೆ ಬಿಸಿನೀರು ಮರೆಯದೆ ಕುಡಿಯಲು ಹೇಳಿ ಎಂದನಂತೆ ಹುಡುಗ. ಒಳಗೆ ಹೋಗಿ ಅದನ್ನು ಅವರಿಗೆ ತಿಳಿಸಿದೆವು. ನನ್ನ ಕೈಯನ್ನು ಮೆಲ್ಲಗೆ ಒತ್ತಿದರು. ಮೂರು ಸಂಜೆಯೂ ಹೀಗೇ ನಡೆಯಿತು. ಯಂತ್ರದ ಸದ್ದು ಅವನಿಗೆ ಕೇಳಿಸೀತೆಂದು ಫೋನನ್ನು ಒಳಗೆ ಒಯ್ಯಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವರು ತೀರಿಕೊಂಡರು.

ಪರೀಕ್ಷೆಯ ದಿನಗಳಲ್ಲಿ ಅಜ್ಜಿ ಅವನ ಕೈಗೆ ಫೋನ್ ಕೊಡಲಿಲ್ಲ, ಮುಗಿದ ಮೇಲೆ ತಿಳಿಸಿದರು. ವಾರ ಕಳೆದು ಹುಡುಗ ಫೋನ್ ಮಾಡಿದ. ಬೈಯಲಿಲ್ಲ. ಅಮ್ಮ ತನ್ನ ಬಗ್ಗೆ ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದೀರಾ ಎಂದು ಕೇಳಿದ. ನನ್ನ ಅಕ್ಕನ ಮಗಳು ಪೂರ್ತಿ ನೋಟ್‌ಬುಕ್ ಅವನಿಗೆ ಕಳಿಸಿದಳು. ತನ್ನ ಪ್ರಬಂಧದಿಂದ ಆ ಭಾಗವನ್ನು ತೆಗೆದುಹಾಕಿದಳು.

ಅವನು ಇನ್ನೂ ಒಂದು ಕೇಳಿದ್ದ. ಆ ಮೂರು ದಿನ ಅಮ್ಮನಿಗೆ ಕಿವಿ ಕೇಳುತ್ತಿತ್ತೇ ಎಂದು. ಹುಡುಗಿ ನನ್ನ ಮುಖ ನೋಡಿದಳು. ಇನ್ನು ಸುಳ್ಳು ಬೇಡ ಎಂದೆ.

ಕೇಳುತ್ತಿತ್ತು. ಅವನ ದನಿಯನ್ನು ನಾವು ಅವರಿಗೆ ಕೇಳಿಸಲಿಲ್ಲ.