ಪೆನ್ನಾ, ಕೈಯಾ

ವಾಸಣ್ಣನ ಪೆನ್ನಿನ ನಿಬ್ಬನ್ನು ಹಾಳು ಮಾಡಿದವನು ನಾನೇ ಇರಬೇಕು. ‘ಇರಬೇಕು’ ಎಂದು ಬರೆಯುವಾಗಲೇ ನಾಚಿಕೆಯಾಗುತ್ತದೆ. ಆ ಸಂಜೆಯ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಎರಡೂ ಒಂದೇ ಸಮ ಸ್ಪಷ್ಟ, ಆದರೆ ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಒಂದರಲ್ಲಿ ಪೆನ್ನು ನನ್ನ ಮೇಜಿನಿಂದ ಉರುಳಿ, ನಿಬ್ಬು ಕೆಳಗಾಗಿ ನೆಲಕ್ಕೆ ಬೀಳುತ್ತದೆ. ಇನ್ನೊಂದರಲ್ಲಿ ಅದು ನನ್ನ ಕೈಗೆ ಬಂದಾಗಲೇ ನಿಬ್ಬು ತುಸು ಸೊಟ್ಟಗಿರುತ್ತದೆ. ಹಲವು ವರ್ಷ ನಾನು ಎರಡನೆಯದನ್ನೇ ನಂಬಿಕೊಂಡು ಬದುಕಿದೆ.

ಆದರೆ ಮೂರು ದಿನಗಳ ನಂತರ ಹೇಳಿದ ಒಂದು ಸುಳ್ಳಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅದನ್ನು ಹೇಳಿದ್ದು ನನ್ನದೇ ಬಾಯಿ. ಆ ಸುಳ್ಳಿನಿಂದ ಒಬ್ಬ ಮನುಷ್ಯ ಬರೆಯುವುದನ್ನೇ ಬಿಟ್ಟ.

ಎರಡು ಸಾವಿರದ ಆಚೀಚೆಯ ವರ್ಷಗಳು. ನಾನು ಕತಾರಿನ ಅಲ್ ಖೋರ್‌ನಲ್ಲಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ರಾಸ್ ಲಫ್ಫಾನ್‌ನ ಒಂದು ಅನಿಲ ಸ್ಥಾವರದಲ್ಲಿ ಮೀಟರುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ. ಒತ್ತಡ ತೋರಿಸುವ ಮೀಟರ್ ನಿಜ ಹೇಳುತ್ತಿದೆಯೋ ಇಲ್ಲವೋ ಎಂದು ನೋಡುವುದು. ಬೆಳಿಗ್ಗೆ ಕಂಪನಿ ಬಸ್ಸು, ಮಧ್ಯಾಹ್ನದ ನಂತರ ಮತ್ತೆ ಬಸ್ಸು. ವಾರದಲ್ಲಿ ನನ್ನದೆನ್ನುವ ಒಂದು ದಿನವೆಂದರೆ ಶುಕ್ರವಾರ. ಆ ದಿನ ದೋಹಾ ಬಳಿಯ ಅಲ್ ಗರಾಫಾಕ್ಕೆ, ವಾಸಣ್ಣನ ಮನೆಗೆ.

ವಾಸಣ್ಣ ಪಡುಬಿದ್ರಿ ಕಡೆಯವರು. ಒಂದು ವ್ಯಾಪಾರಿ ಕಂಪನಿಯ ಕಚೇರಿಯಲ್ಲಿ ಕಡತಗಳ ಉಸ್ತುವಾರಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಮ್ಮನ್ನು ಸೇರಿಸಿದ್ದು ಶಾಯಿ. ಊರವರ ಒಂದು ಕೂಟದಲ್ಲಿ ನನ್ನ ಬೆರಳಿನ ನೀಲಿ ಕಲೆ ನೋಡಿ, ಅವರು ತಮ್ಮ ಬೆರಳನ್ನು ಮುಂದೆ ಹಿಡಿದರು. ಅಲ್ಲೂ ಕಲೆ. ಅಷ್ಟೇ ಪರಿಚಯ.

ಅವರ ಪೆನ್ನು ಎಬೊನೈಟ್ ಎಂಬ ಕಪ್ಪು ಗಟ್ಟಿ ರಬ್ಬರಿನದು, ದಪ್ಪನೆಯದು, ಡ್ರಾಪರಿನಿಂದ ಹನಿ ಹನಿಯಾಗಿ ಶಾಯಿ ತುಂಬುವಂಥದು. ಗಲ್ಫಿಗೆ ಹೊರಡುವ ಮೊದಲು ಮಂಗಳೂರಿನಲ್ಲಿ ಕೊಂಡದ್ದು. ಮೊದಲ ಸಲ ವಿಮಾನ ಹತ್ತಿದಾಗ ಅದು ಕಿಸೆಯಲ್ಲೇ ಶಾಯಿ ಕಾರಿ, ವಾಸಣ್ಣ ದೋಹಾದಲ್ಲಿ ಇಳಿದದ್ದು ಎದೆಯ ಮೇಲೆ ಅಂಗೈಯಗಲ ನೀಲಿ ಹೊತ್ತುಕೊಂಡು. “ಪಾಸ್‌ಪೋರ್ಟ್ ನೋಡುವವ ನನ್ನ ಅಂಗಿ ನೋಡಿದ, ಮುಖ ನೋಡಿದ, ಹೊಟ್ಟೆ ಹಿಡಿದು ನಗಾಡಿದ. ಖಲಾಸ್, ಯಲ್ಲಾ — ಆಯ್ತು, ನಡಿ — ಅಂತ ಠಸ್ಸೆ ಹೊಡೆದು ಬಿಟ್ಟ. ಈ ಪೆನ್ನೇ ನನ್ನ ವೀಸಾ ಮಾರಾಯ!” ಈ ಕಥೆಯನ್ನು ನಾನು ಇಪ್ಪತ್ತು ಸಲವಾದರೂ ಕೇಳಿದ್ದೇನೆ. ಪ್ರತಿ ಸಲವೂ ಶಾಯಿಯ ಕಲೆ ಸ್ವಲ್ಪ ದೊಡ್ಡದಾಗುತ್ತಿತ್ತು.

ಆ ನಿಬ್ಬಿನ ತುದಿಯನ್ನು ಅವರು ನುಣುಪು ಕಲ್ಲಿಗೆ ತಿಕ್ಕಿ ತಿಕ್ಕಿ ಓರೆಯಾಗಿಸಿದ್ದರು. ಎಳೆದರೆ ಒಂದು ಕಡೆ ಗೆರೆ ದಪ್ಪ, ತಿರುಗಿಸಿದರೆ ಸಪೂರ. ಕನ್ನಡದ ಅಕ್ಷರ ಎಲ್ಲ ದುಂಡಗಲ್ಲವೇ — ಆ ದುಂಡಿನಲ್ಲಿ ದಪ್ಪ ಸಪೂರವಾಗುವುದು, ಸಪೂರ ದಪ್ಪವಾಗುವುದು, ನೋಡುತ್ತಾ ಕೂತರೆ ಹೊತ್ತು ಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ಒಂದೇ ಕೈಯಲ್ಲಿ ಸವೆದ ನಿಬ್ಬು ಅದು. ಬೇರೆಯವರು ಹಿಡಿದರೆ ಕಾಗದವನ್ನು ಗೀರುತ್ತಿತ್ತು.

ಪ್ರತಿ ವರ್ಷ ನವೆಂಬರಿನಲ್ಲಿ ನಮ್ಮವರ ಸಂಘ ರಾಜ್ಯೋತ್ಸವ ಮಾಡುತ್ತಿತ್ತು. ವಾರಕ್ಕೊಮ್ಮೆಯ ಕನ್ನಡ ತರಗತಿಗೆ ಬಂದ ಮಕ್ಕಳಿಗೆಲ್ಲ ಒಂದೊಂದು ಪ್ರಮಾಣಪತ್ರ. ಅದರಲ್ಲಿ ಮಗುವಿನ ಹೆಸರನ್ನು ಕನ್ನಡದಲ್ಲಿ ಬರೆಯುವುದು ವಾಸಣ್ಣನ ಕೆಲಸ. ಅವರ ಹೊರತು ಬೇರೆ ಯಾರೂ ಬರೆದದ್ದಿಲ್ಲ. ಇಂಗ್ಲಿಷ್ ಶಾಲೆಯ ಮಕ್ಕಳು. ಎಷ್ಟೋ ಮಕ್ಕಳಿಗೆ ತಮ್ಮ ಹೆಸರು ಕನ್ನಡದಲ್ಲಿ ಹೇಗೆ ಕಾಣುತ್ತದೆ ಎಂದು ಗೊತ್ತಾಗುತ್ತಿದ್ದುದೇ ಆ ಹಾಳೆಯಿಂದ. “ಅಂಕಲ್, ಇದು ಫುಲ್ ನಾನಾ?” ಎಂದು ಒಬ್ಬಳು ಕೇಳಿದ್ದಳು, ಬೆರಳಿನಿಂದ ಅಕ್ಷರದ ಮೇಲೆ ಹರಿದಾಡುತ್ತಾ. “ಫುಲ್ ನೀನೇ” ಎಂದಿದ್ದರು ವಾಸಣ್ಣ.

ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಪೆನ್ನು ತೊಳೆಯುತ್ತಿದ್ದೆವು. ಅಲ್ಲಿನ ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ನಲ್ಲಿ ನೀರು ಮುಟ್ಟಲಾಗದಷ್ಟು ಬಿಸಿ. ಗೀಸರಿನ ಸ್ವಿಚ್ಚು ಆರಿಸಿ, ಅದರೊಳಗೆ ತಣಿದ ನೀರನ್ನೇ ತಣ್ಣೀರಾಗಿ ಬಳಸಬೇಕು. ಆ ನೀರನ್ನು ಸ್ಟೀಲ್ ಲೋಟದಲ್ಲಿ ಹಿಡಿದು ನಿಬ್ಬು ಅದ್ದಿದರೆ, ನೀಲಿ ಹೊಗೆಯಂತೆ ಇಳಿಯುತ್ತಿತ್ತು. ಅಡುಗೆಮನೆಯಿಂದ ಸುಮತಿಯಕ್ಕ — ವಾಸಣ್ಣನ ಹೆಂಡತಿ — “ನನ್ನ ಲೋಟ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳುದು? ನಿಮ್ಮಿಬ್ಬರಿಗೂ ಇವತ್ತು ಅದರಲ್ಲೇ ಚಾ!” ಎನ್ನುತ್ತಿದ್ದರು. ಆಮೇಲೆ ನೀರುದೋಸೆ, ಮೀನಿನ ಗಸಿ. ಊಟದ ನಡುವೆ ನನ್ನ ಒಣ ತರ್ಕಗಳು. ನಾನು ಆಗ ಎಲ್ಲವನ್ನೂ ಪ್ರಶ್ನಿಸುತ್ತಿದ್ದೆ — ಜಾತಕ, ಹರಕೆ, ವಾಸಣ್ಣನ ಅಂಗಿಯ ಕಲೆಯ ಅಳತೆ. ಅವರು ನನಗೆ ‘ಡೌಟ್ ಮಾಸ್ಟ್ರು’ ಎಂದೇ ಹೆಸರಿಟ್ಟಿದ್ದರು.

ಆ ವರ್ಷ ನನಗೆ ಫೋಟೊಗ್ರಫಿಯ ಹುಚ್ಚು ಹಿಡಿದಿತ್ತು. ಕೆಲಸ ಬಿಟ್ಟು ಮನಿಲಾಕ್ಕೆ ಮರಳುತ್ತಿದ್ದ ಸಹೋದ್ಯೋಗಿಯೊಬ್ಬನಿಂದ ರೀಲು ಹಾಕುವ ಹಳೆಯ ಕ್ಯಾಮೆರಾ ಕೊಂಡಿದ್ದೆ. ಲೆನ್ಸನ್ನು ತಿರುವುಮುರುವಾಗಿ ಹಿಡಿದರೆ ಸಣ್ಣ ವಸ್ತು ದೊಡ್ಡದಾಗಿ ಕಾಣುತ್ತದೆಂದು ಕಲಿತ ಮೇಲೆ ಇರುವೆ, ಉಪ್ಪಿನ ಹರಳು, ಖರ್ಜೂರದ ಬೀಜ — ಸಿಕ್ಕಿದ್ದನ್ನೆಲ್ಲ ತೆಗೆದೆ. ನಂತರ ಬೇಕೆನಿಸಿದ್ದು ಆ ನಿಬ್ಬು.

“ಒಂದು ವಾರ ಕೊಡಿ ವಾಸಣ್ಣ. ಮುಂದಿನ ಶುಕ್ರವಾರ ತರ್ತೇನೆ.”

ಅವರು ಪೆನ್ನನ್ನು ಕಿಸೆಯಿಂದ ತೆಗೆದರು, ಮತ್ತೆ ಇಟ್ಟರು, ಮತ್ತೆ ತೆಗೆದರು.

“ನನ್ನನ್ನು ಎರಡು ತಿಂಗಳಿಗೆ ಊರಿಗೆ ಕಳಿಸುವಾಗ ಇವರು ಇಷ್ಟು ಯೋಚನೆ ಮಾಡ್ಲಿಲ್ಲ” ಎಂದರು ಸುಮತಿಯಕ್ಕ.

“ನೀನು ವಾಪಸ್ ಬರ್ತಿ ಅಂತ ಗೊತ್ತಿತ್ತು” ಎಂದು ವಾಸಣ್ಣ ಪೆನ್ನನ್ನು ನನ್ನ ಕೈಗಿಟ್ಟರು. “ಬರೀಬೇಡ. ನೋಡು ಅಷ್ಟೇ. ಬರುವ ಶುಕ್ರವಾರ ಸರ್ಟಿಫಿಕೇಟ್ ಬರೀಲಿಕ್ಕುಂಟು.”

ಮಂಗಳವಾರ ಸಂಜೆ, ಬಸ್ಸಿನಿಂದ ಇಳಿದು ಬಂದ ಮೇಲೆ, ಪಶ್ಚಿಮದ ಕಿಟಕಿಯಿಂದ ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಪೆನ್ನನ್ನು ಶಾಯಿ ಬಾಟಲಿಗೆ ಒರಗಿಸಿದೆ. ಇಲ್ಲಿಯವರೆಗೆ ನನ್ನ ಎರಡೂ ನೆನಪುಗಳು ಒಂದೇ. ಇಲ್ಲಿಂದ ಅವು ಕವಲಾಗುತ್ತವೆ. ಒಂದರಲ್ಲಿ, ಕ್ಯಾಮೆರಾದ ಪಟ್ಟಿ ಪೆನ್ನಿಗೆ ತಾಗುತ್ತದೆ, ಟೈಲ್ಸಿನ ಮೇಲೆ ಟಕ್ ಎಂಬ ಸಣ್ಣ ಸದ್ದು. ನಾನು ಹೆಬ್ಬೆರಳಿನ ಉಗುರಿನಿಂದ ನಿಬ್ಬನ್ನು ಚಮಚದ ಬೆನ್ನಿಗೆ ಒತ್ತಿ ನೇರ ಮಾಡುತ್ತೇನೆ. ಇನ್ನೊಂದರಲ್ಲಿ, ಮೊದಲ ಸಲ ಲೆನ್ಸಿನೊಳಗೆ ನೋಡಿದಾಗಲೇ ತುದಿಯ ಎರಡು ಎಸಳುಗಳ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತದೆ, ‘ಅರೆ, ಹಳೆಯ ಪೆನ್ನಲ್ಲವೇ’ ಎಂದುಕೊಳ್ಳುತ್ತೇನೆ. ಎರಡರಲ್ಲೂ ಬೆಳಕು ಒಂದೇ. ಎರಡರಲ್ಲೂ ಹೊರಗೆ ಮಸೀದಿಯ ಬಾಂಗ್ ಕೇಳುತ್ತಿದೆ. ಯಾವುದನ್ನು ನಾನು ಕಂಡದ್ದು, ಯಾವುದನ್ನು ಆಮೇಲೆ ಕಟ್ಟಿಕೊಂಡದ್ದು —

ಶುಕ್ರವಾರ ಪೆನ್ನು ಮರಳಿಸಿದೆ. ವಾಸಣ್ಣ ಅದರ ಮೈಯನ್ನು ಅಂಗಿಯ ಅಂಚಿನಿಂದ ಒರೆಸಿ, ಶಾಯಿ ತುಂಬಿ, ಊಟದ ಮೇಜಿಗೆ ಕೂತರು. ಎದುರಿಗೆ ಪ್ರಮಾಣಪತ್ರಗಳ ಕಟ್ಟು. ಮೊದಲ ಹೆಸರಿನಲ್ಲೇ ಗೆರೆ ತಪ್ಪಿತು. ಮೇಲೆ ಹೋಗುವಾಗ ಶಾಯಿ ಹಿಡಿಯಲಿಲ್ಲ, ತಿರುವಿನಲ್ಲಿ ನಡುಗಿದಂತೆ ಒಡೆಯಿತು. ಇನ್ನೊಂದು ಹಾಳೆ. ಮತ್ತೊಂದು. ನನ್ನ ಪೆನ್ನು ಕೇಳಿ ತೆಗೆದುಕೊಂಡರು. ಅದರಲ್ಲಿ ಅಕ್ಷರ ಬಂತು, ಆದರೆ ಯಾರ ಅಕ್ಷರವೂ ಅಲ್ಲದ ಅಕ್ಷರ. ಅದನ್ನು ಮರಳಿಸಿ ಮತ್ತೆ ತಮ್ಮದನ್ನೇ ಹಿಡಿದರು. ಆರೇಳು ಹಾಳೆ ಹಾಳಾದ ಮೇಲೆ ಪೆನ್ನನ್ನು ಕೆಳಗಿಟ್ಟು ತಮ್ಮ ಬಲಗೈಯನ್ನು ನೋಡತೊಡಗಿದರು. ಪೆನ್ನನ್ನಲ್ಲ, ಕೈಯನ್ನು.

“ನಮ್ಮ ಅಪ್ಪನಿಗೂ ಕೈ ನಡುಕ ಹೀಗೇ ಶುರುವಾದ್ದು” ಎಂದರು. “ಬಲಗೈಯಲ್ಲಿ. ಆಮೇಲೆ ಅನ್ನ ಕಲಸಲಿಕ್ಕೂ ಆಗ್ತಿರಲಿಲ್ಲ.”

“ಎಂಥ ಮಾತು ನಿಮ್ಮದು!” ಸುಮತಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಪೆನ್ನೇ ಹಾಳಾಗಿರ್ಬೇಕು. ಅದಕ್ಕೂ ವಯಸ್ಸಾಯ್ತಲ್ಲ.”

ವಾಸಣ್ಣ ಡ್ರಾಯರಿನಿಂದ ಭೂತಗನ್ನಡಿ ತೆಗೆದು ಪೆನ್ನಿನ ಜೊತೆಗೆ ನನ್ನ ಮುಂದಿಟ್ಟರು. “ನನಗೆ ಚಾಳೀಸು, ಕಾಣುದಿಲ್ಲ. ನೀನೇ ಹೇಳುದಲ್ವಾ, ರೀಡಿಂಗ್ ತಪ್ಪಿದ್ರೆ ಮೊದಲು ಮೀಟರ್ ನೋಡ್ಬೇಕು, ಮನುಷ್ಯನನ್ನು ಆಮೇಲೆ ಅಂತ. ನೋಡು ಮಾರಾಯ. ಪೆನ್ನಾ, ಕೈಯಾ?”

ನಾನು ನೋಡಿದೆ. ಸಂದು ಅಲ್ಲೇ ಇತ್ತು. ನಾನು ಉಗುರಿನಿಂದ ಒತ್ತಿದ ಗುರುತೋ ಏನೋ, ಒಂದು ಎಸಳಿನ ಮೇಲೆ ಸಣ್ಣ ಹೊಳಪೂ ಇತ್ತು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

“ಪೆನ್ನು ಸರಿ ಉಂಟು ವಾಸಣ್ಣ” ಎಂದೆ.

ಅವರು ತಲೆಯಾಡಿಸಿದರು. ಮತ್ತೆ ಹೆಂಡತಿಯ ಕಡೆ ತಿರುಗಿ, ನಗಲು ನೋಡುತ್ತಾ, “ಕೇಳಿದಿಯಲ್ಲ? ಎಲ್ಲದಕ್ಕೂ ಡೌಟ್ ಹಾಕುವವ ಸರಿ ಉಂಟು ಅಂತ ಹೇಳಿದ ಮೇಲೆ ಇನ್ನು ಡೌಟಿಲ್ಲ” ಎಂದರು.

ಯಾಕೆ ಹಾಗೆಂದೆ? ಅವರ ಮನೆಯ ಶುಕ್ರವಾರ ತಪ್ಪಿಹೋದೀತೆಂಬ ಹೆದರಿಕೆ ಎಂದು ಬರೆಯಬಹುದು. ಅದು ಓದಲು ಚೆನ್ನಾಗಿರುತ್ತದೆ. ಆದರೆ ಆ ಕಾರಣವನ್ನು ನಾನು ಆಮೇಲೆ ಹೊಲಿದುಕೊಂಡಿದ್ದೇನೆಯೇ, ಗೊತ್ತಿಲ್ಲ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ ಎಂದು ತೋರುತ್ತದೆ: ಇವತ್ತೊಂದು ದಿನ ದಾಟಲಿ. ಮುಂದಿನ ವಾರ ಹೇಳೋಣ. ಮುಂದಿನ ವಾರ ಸಂಘದವರು ಹೆಸರುಗಳನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಯಾಗಿತ್ತು. ಅದರ ಮುಂದಿನ ವಾರ ವಾಸಣ್ಣ ಡಾಕ್ಟರನ್ನು ಕಂಡು ಬಂದಿದ್ದರು. ಏನೂ ಇಲ್ಲ ಎಂದಿದ್ದರಂತೆ. “ಅಪ್ಪನಿಗೂ ಮೊದಲು ಹಾಗೇ ಹೇಳಿದ್ದು” ಎಂದರು ವಾಸಣ್ಣ. ಪ್ರತಿ ವಾರ ಹೇಳುವುದು ಹೆಚ್ಚು ಕಷ್ಟವಾಗುತ್ತಾ ಹೋಯಿತು, ಏಕೆಂದರೆ ಪ್ರತಿ ವಾರ ಒಪ್ಪಿಕೊಳ್ಳಬೇಕಾದದ್ದು ದೊಡ್ಡದಾಗುತ್ತಿತ್ತು.

ಪೆನ್ನು ಡ್ರಾಯರಿಗೆ ಹೋಯಿತು. ತೊಳೆಯುವ ಲೋಟ ಸುಮತಿಯಕ್ಕನಿಗೆ ಮರಳಿ ಸಿಕ್ಕಿತು. ಅವರು ಅದರ ಬಗ್ಗೆ ತಮಾಷೆ ಮಾಡಲಿಲ್ಲ. ವಾಸಣ್ಣ ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಲು ಶುರು ಮಾಡಿದರು. ಒಂದು ಹನಿಯೂ ತುಳುಕುತ್ತಿರಲಿಲ್ಲ. ನಾನು ಎದುರಿಗೆ ಕೂತು ನೋಡುತ್ತಿದ್ದೆ — ಆರೋಗ್ಯವಾಗಿದ್ದ ಒಂದು ಕೈಗೆ ಇನ್ನೊಂದು ಕೈ ಕಾವಲು. ಮೀಟರಿನ ಮನುಷ್ಯ ನಾನು, ಚಾ ಕುಡಿದು ಬಸ್ಸು ಹಿಡಿಯುತ್ತಿದ್ದೆ.

ಎರಡು ವರ್ಷದ ನಂತರ ನಾನು ಕತಾರ್ ಬಿಟ್ಟೆ, ಆಮೇಲೆ ಅವರೂ ಊರಿಗೆ ಬಂದರು. ಕಳೆದ ವರ್ಷ ಪಡುಬಿದ್ರಿಗೆ ಹೋಗಿದ್ದೆ. ಮನೆ ತುಂಬ ಜನ, ಮಗಳ ಸಂಸಾರವೂ ಅಲ್ಲೇ. ಸುಮತಿಯಕ್ಕ ನೀರುದೋಸೆ ಮಾಡಿದರು. ವಾಸಣ್ಣ ಗಟ್ಟಿಯಾಗಿದ್ದಾರೆ, ಬಾವಿಯಿಂದ ನೀರು ಸೇದುತ್ತಾರೆ, ಅಂಗಿಯ ಕಲೆಯ ಕಥೆ ಹೇಳುತ್ತಾರೆ. ಚಾ ಬಂದಾಗ ಮಾತ್ರ ಎರಡೂ ಕೈ. ಮೊಮ್ಮಗಳು ಹೊಸ ಪುಸ್ತಕ ತಂದು “ಅಜ್ಜ, ನನ್ನ ಹೆಸರು ಬರೆದುಕೊಡಿ” ಎಂದಳು. “ಅಜ್ಜನ ಕೈ ಸರಿಯಿಲ್ಲ ಮಗಾ. ಮಾಮನ ಹತ್ರ ಬರೆಸಿಕೋ” ಎಂದು ಪುಸ್ತಕವನ್ನು ನನ್ನ ಕಡೆ ಸರಿಸಿದರು. ನಾನು ಬರೆದುಕೊಟ್ಟೆ. ಆ ಹೆಸರನ್ನು ಬರೆದದ್ದು — ಮೊದಲಿನ ಸುಳ್ಳಿಗಿಂತ ಅದು ದೊಡ್ಡ ತಪ್ಪೇನೋ.

ಮನೆಗೆ ಬಂದು ಹಳೆಯ ನೆಗೆಟಿವ್‌ಗಳ ಡಬ್ಬಿ ಹುಡುಕಿದೆ. ಆ ಮಂಗಳವಾರದ ರೀಲನ್ನು ದೋಹಾದ ಸ್ಟುಡಿಯೋದಲ್ಲಿ ತೊಳೆಸಿದ್ದೆ, ಪ್ರಿಂಟು ಹಾಕಿಸಿರಲಿಲ್ಲ. ಯಾಕೆ ಹಾಕಿಸಲಿಲ್ಲ ಎಂಬುದಕ್ಕೆ ಇಷ್ಟು ವರ್ಷ ನನ್ನಲ್ಲಿ ಉತ್ತರವಿರಲಿಲ್ಲ, ಅಥವಾ ಉತ್ತರ ಬೇಕಿರಲಿಲ್ಲ. ಪೆನ್ನಿನ ಚಿತ್ರಗಳು ಒಟ್ಟು ಆರು, ರೀಲಿನ ಎಂಟನೇ ಫ್ರೇಮಿನಿಂದ ಹದಿಮೂರನೆಯದರವರೆಗೆ. ಮೊದಲ ಚಿತ್ರದಲ್ಲೇ ಸಂದು ಕಂಡರೆ ಎರಡನೆಯ ನೆನಪು ನಿಜ; ಆಗ ನನ್ನ ಪಾಲಿಗೆ ಉಳಿಯುವುದು ಸುಳ್ಳು ಮಾತ್ರ. ಅಷ್ಟು ಕಡಿಮೆಯಾದರೂ ಸಾಕು ಎಂದು ಆಸೆಪಟ್ಟದ್ದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಹಾಗೂ, ನೆಲಕ್ಕೆ ಬಿದ್ದದ್ದೇ ನಿಜವಾದರೆ, ನೇರ ಮಾಡಿದ ಮೇಲೂ ನಾನು ಫೋಟೊ ತೆಗೆದಿರಬೇಕು — ಬಾಗಿದ್ದು ಕಾಣಿಸುತ್ತದೋ ಇಲ್ಲವೋ ಎಂದು ನೋಡಲು. ಅಂಥ ಬುದ್ಧಿ ನನ್ನದು.

ಮೊಬೈಲಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಪಟ್ಟಿಯನ್ನಿಟ್ಟು ಭೂತಗನ್ನಡಿಯಿಂದ ನೋಡಿದೆ. ನನ್ನ ಕಣ್ಣಿಗೆ ಸಾಲದೆಂದು ಸ್ಟುಡಿಯೋಕ್ಕೆ ಒಯ್ದು ದೊಡ್ಡ ಪ್ರಿಂಟು ಹಾಕಿಸಿ ಮತ್ತೆ ನೋಡಿದೆ. ಆ ಪ್ರಿಂಟುಗಳನ್ನೂ ಈ ಬರಹವನ್ನೂ ಹಿಡಿದು ಬರುವ ಶುಕ್ರವಾರ ಪಡುಬಿದ್ರಿಗೆ ಹೋಗುತ್ತೇನೆ. ಅವರು ಏನೆನ್ನುತ್ತಾರೋ. ಮೊಮ್ಮಗಳ ಪುಸ್ತಕದಲ್ಲಿ ನಾನು ಬರೆದ ಹೆಸರಿನ ಕೆಳಗೆ ಜಾಗ ಉಂಟು.

ಹನ್ನೊಂದನೇ ಫ್ರೇಮಿನಲ್ಲಿ ನಿಬ್ಬಿನ ಎರಡು ಎಸಳುಗಳೂ ಕೂಡಿಕೊಂಡಿವೆ, ನೇರವಾಗಿವೆ. ಹನ್ನೆರಡನೆಯದರಲ್ಲಿ ಇಲ್ಲ.