ಗೀಟು ತಪ್ಪಿದರೂ ಅಳತೆ ತಪ್ಪದ ಟೇಪಕ್ಕ

ಒಂದಾನೊಂದು ಆಸ್ಪತ್ರೆಯಲ್ಲಿ ಹದಿನೆಂಟು ತೊಟ್ಟಿಲು, ಹದಿನೆಂಟು ಪುಟ್ಟ ಹೊಟ್ಟೆ, ಅವನ್ನೆಲ್ಲ ಕೋಳಿ ಕೂಗುವ ಹೊತ್ತಿಗೆ ಅಳೆಯುವ ಒಬ್ಬಳು ಅಕ್ಕ ಇದ್ದಳು. ಅಜ್ಜಿಯ ಕಥೆಗಾದರೆ ‘ಇದ್ದಳು’ ಸರಿ. ಈಕೆ ಇದ್ದಾಳೆ. ಕಿಟಕಿ ಬೆಳ್ಳಗಾಗುತ್ತಿದೆ, ಟೇಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದಾಳೆ. "ತಣ್ಣಗಿದ್ರೆ ಮಹಾರಾಯರು ಹೊಟ್ಟೆ ಬಿಗಿ ಹಿಡೀತಾರೆ. ಅಳತೆ ಸುಳ್ಳಾಗುತ್ತೆ."

ಹುದ್ದೆಯಲ್ಲಿ ಆಯಾ, ಎಲ್ಲರ ಬಾಯಲ್ಲಿ ಟೇಪಕ್ಕ. ಇಲ್ಲಿನ ಕೂಸುಗಳದ್ದು ತಲೆಯಲ್ಲಿ ನೀರು ತುಂಬುವ ಕಾಯಿಲೆ. ಆ ನೀರು ಹರಿದುಹೋಗಲೆಂದು ವೈದ್ಯರು ತಲೆಯಿಂದ ಹೊಟ್ಟೆಗೆ ಚರ್ಮದಡಿಯಲ್ಲೇ ಸಣ್ಣ ಕೊಳವೆ ಇಳಿಸುತ್ತಾರೆ. ಕೆಲವೊಮ್ಮೆ ಹೊಟ್ಟೆ ಆ ನೀರನ್ನು ಹೀರಿಕೊಳ್ಳದೆ ಮುನಿಯುತ್ತದೆ. ಕೊಳವೆಯ ತುದಿಗೆ ನೀರು ಚೀಲದಂತೆ ಕಟ್ಟಿಕೊಂಡು, ಹೊಟ್ಟೆ ಉಬ್ಬಿ, ತಲೆಗೆ ಮತ್ತೆ ಭಾರ. ಅದಕ್ಕೇ ಮಗುವಿನ ಹೊಟ್ಟೆಯ ಮೇಲೊಂದು ಶಾಯಿ ಗೀಟು, ದಿನವೂ ಅದೇ ಗೀಟಿನ ಮೇಲೆ ಅಳತೆ.

ಮೊದಲು ಈಕೆ ದರ್ಜಿಯಂಗಡಿಯಲ್ಲಿದ್ದಳು. ಅದು ಮುಚ್ಚಿದಾಗ ಇಲ್ಲಿ ನೆಲ ಒರೆಸಲು ಬಂದಳು, ಅಳತೆಗೆ ಪಳಗಿದ ಕೈ ಕಂಡು ವೈದ್ಯರು ಟೇಪನ್ನೂ ಕೊಟ್ಟರು. ಇಪ್ಪತ್ತೆರಡು ವರ್ಷವಾಯಿತು, ಮಂಡಿ ಸವೆದಿದೆ, ಕೆಲಸ ಇನ್ನೂ ಗುತ್ತಿಗೆಯದ್ದೇ. "ಅಂಗಿ ಅಳತೆ ತಪ್ಪಿದ್ರೆ ಹೊಲಿಗೆ ಬಿಚ್ಚಬಹುದು. ಇಲ್ಲಿ ಬಿಚ್ಚೋಕಾಗುತ್ತಾ?"

ಕಳೆದ ತಿಂಗಳು ಎರಡು ದಿನ ರಜೆ ಮುಗಿಸಿ ಬಂದಾಗ, ಆರನೇ ತೊಟ್ಟಿಲ ಒಂಬತ್ತು ತಿಂಗಳ ಹೆಣ್ಣುಕೂಸು ಹಾಲು ಒಲ್ಲದೆ ನರಳುತ್ತಿತ್ತು. ಪಟ್ಟಿಯಲ್ಲಿ ರಜೆಯ ಹಿಂದಿನ ದಿನವೂ, ನರ್ಸಮ್ಮ ಅಳೆದ ಎರಡು ದಿನವೂ ನಲವತ್ತನಾಲ್ಕು ಸೆಂಟಿಮೀಟರ್. ಟೇಪಕ್ಕ ಬಗ್ಗಿ ನೋಡಿದಳು.

"ಈ ಗೀಟು ನಂದಲ್ಲ. ನಂದು ಹೊಕ್ಕುಳಿಂದ ಒಂದು ಬೆರಳು ಮೇಲೆ. ಇದ್ಯಾರು ಸೊಂಟದ ಹತ್ರ ಎಳೆದಿದ್ದು?"

ಮಗುವಿನ ಅಜ್ಜಿ ಸೆರಗು ಬಾಯಿಗಿಟ್ಟರು. "ಕೊಳೆ ಅಂದ್ಕೊಂಡು ಉಜ್ಜಿ ತೊಳೆದ್ಬಿಟ್ಟೆ ಕಣಮ್ಮಾ. ಬೈತಾರೇನೋ ಅಂತ ಪಕ್ಕದವರ ಪೆನ್ನು ಇಸ್ಕೊಂಡು ನಾನೇ ಎಳೆದೆ."

"ಚೆನ್ನಾಗೇ ಎಳೆದಿದ್ದೀರಿ ಬಿಡಿ, ನರ್ಸಮ್ಮನೂ ನಂಬಿದಾಳೆ!" ನಗಿಸಿದಳು, ಆದರೆ ಕೈ ಸುಮ್ಮನಿರಲಿಲ್ಲ. ತನ್ನ ಜಾಗದಲ್ಲಿ ಅಳೆದರೆ ನಲವತ್ತೇಳೂವರೆ! ಎದ್ದುಬಿದ್ದು ಓಡಿ ವೈದ್ಯರನ್ನು ಕರೆತಂದಳು. ಸ್ಕ್ಯಾನಿನಲ್ಲಿ ಕಂಡದ್ದು ಅದೇ ನೀರಿನ ಚೀಲ, ಜೊತೆಗೆ ಸೋಂಕು. ಕೊಳವೆಯ ತುದಿಯನ್ನು ಹೊರಗೆ ತೆಗೆದು, ಸೋಂಕು ಇಳಿದ ಮೇಲೆ ಹೊಸದನ್ನು ಹಾಕಬೇಕು.

ಕೂಸಿನ ತಾಯಿ ಟೇಪಕ್ಕನ ಕೈ ಹಿಡಿದಳು. "ಮತ್ತೆ ಆಪರೇಷನ್ನಾ ಅಕ್ಕಾ? ಉಳಿಯುತ್ತಾ?"

"ಉಳಿಸೋದು ಡಾಕ್ಟರ ಕೆಲಸ. ಇದು ಹಾಲು ಕುಡಿದು ನಗ್ತಾ ಹೊರಡೋ ದಿನ ಬಾಗಿಲ ತನಕ ನಾನೇ ಎತ್ಕೊಂಡು ಬರ್ತೀನಿ. ಮಾತು ಕೊಟ್ಟೆ, ಆಯ್ತಾ?"

ಆಮೇಲೆ ಇಪ್ಪತ್ತಮೂರು ಬೆಳಗು. ಒಂದು ದಿನವೂ ರಜೆಯಿಲ್ಲ. ನಲವತ್ತಾರು, ನಲವತ್ತೈದು, ಕೊನೆಗೆ ನಲವತ್ತನಾಲ್ಕು. ಹೊಸ ಕೊಳವೆ ಹಾಕಿದ ಮೇಲೂ ಅಂಕಿ ಮತ್ತೆ ಏರಲಿಲ್ಲ. ಸೋಮವಾರ ಕೂಸು ಬಟ್ಟಲ ಹಾಲನ್ನೆಲ್ಲ ಕುಡಿದು ಟೇಪಕ್ಕನ ಮೂಗು ಹಿಡಿದೆಳೆಯಿತು. "ನಿನ್ನ ಸೊಕ್ಕು ನೋಡು!" ಎಂದವಳ ಕಣ್ಣು ತುಂಬಿತ್ತು.

ಇಂದು ಹೊರಡುವ ದಿನ. ಮೆಟ್ಟಿಲು ಕಂಡರಾಗದ ಮಂಡಿಯಲ್ಲೇ ಟೇಪಕ್ಕ ಕೂಸನ್ನೆತ್ತಿ ಎರಡು ಮಹಡಿ ಇಳಿಯುತ್ತಾಳೆ. ಅಜ್ಜಿ ಕೈ ಚಾಚಿದರೂ ಕೊಡುವುದಿಲ್ಲ. ದೊಡ್ಡ ಬಾಗಿಲು ಬರುತ್ತದೆ, ಬಿಸಿಲು ಕೂಸಿನ ಕಣ್ಣಿಗೆ ಬಡಿಯುತ್ತದೆ.

"ಮತ್ತೆ ನನ್ನ ಕೈಗೆ ಸಿಗಬೇಡ ಮಾರಾಯ್ತಿ, ಅಷ್ಟೇ ನಾನು ಕೇಳೋದು," ಎಂದು ಕಿವಿಯಲ್ಲಿ ಹೇಳಿ, ಕೂಸನ್ನು ತಾಯಿಯ ತೋಳಿಗಿಡುತ್ತಾಳೆ.