ಅಂಕಿತಾಳ ಎಡಗೆನ್ನೆ

ಕುಮಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ. ಅದರ ಗೋಡೆಗೆ ಅಂಟಿಕೊಂಡೇ ಮಿರ್ಜಾನಿನ ಕಮಲಾಕರನ ಫೋಟೋ ಸ್ಟುಡಿಯೋ. ಗೋಡೆಯಾಚೆ ಅವನು ಕೆಮ್ಮಿದರೆ ಶೀತವೋ ಸಿಟ್ಟೋ ಎಂದು ಹೇಳುವಷ್ಟು ವರ್ಷ ಒಟ್ಟಿಗೆ ಕಳೆದಿದ್ದೇವೆ. ಮನುಷ್ಯ ಬಂಗಾರದಂಥವನು, ಹೊಗಳಿಕೆಯೊಂದರ ದೌರ್ಬಲ್ಯ ಬಿಟ್ಟರೆ. 'ಫೋಟೋ ಚಲೋ ಬಂತು ಮಾರಾಯಾ' ಎಂದು ಯಾರಾದರೂ ಹೇಳಿದರೆ ಮುಗಿಯಿತು, ಅವತ್ತಿಡೀ ಅವನ ಕಾಲು ನೆಲಕ್ಕೆ ತಾಗುವುದಿಲ್ಲ.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಹೊಗಳುವವರು ಹಾಗಿರಲಿ, ಸ್ಟುಡಿಯೋದ ಬಾಗಿಲು ತಳ್ಳುವವರೇ ಅಪರೂಪವಾದರು. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವುದು, ತೀರಿಕೊಂಡವರ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸುವುದು, ಇಷ್ಟೇ ಉಳಿದ ಕೆಲಸ. ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಗುಂಡಿಗೆ ಕಾಜಾ ಹೇಗೆ ಮಾಡಬೇಕೆಂದು ನನಗೇ ಪಾಠ ಹೇಳುತ್ತಿದ್ದ. ಆದರೂ ಕಂಪ್ಯೂಟರಿನಲ್ಲಿ ಏನೇ ಹೊಸತು ಬಂದರೂ ಯೂಟ್ಯೂಬ್ ನೋಡಿ ಕಲಿಯುವ ಚಟ ಬಿಟ್ಟಿರಲಿಲ್ಲ. ಕಲಿತದ್ದನ್ನು ತೋರಿಸಲು ಗಿರಾಕಿ ಇರಲಿಲ್ಲ ಅಷ್ಟೆ.

ಆ ಮಳೆಗಾಲದಲ್ಲಿ ಹೊಳೆ ಉಕ್ಕಿ ಅಘನಾಶಿನಿ ಎಂಬ ಊರಿನ ಮನೆಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಅಕ್ಕಿ ತಂದವರಿದ್ದರು, ಚಾದರ ತಂದವರಿದ್ದರು. ಗೋಡೆಯ ಮೇಲಿನ ಫೋಟೋಗಳ ಗತಿ ಏನಾಯಿತು ಎಂದು ಯೋಚಿಸಿದವನು ಕಮಲಾಕರ ಒಬ್ಬನೇ. ಕಂಪ್ಯೂಟರ್, ಸ್ಕ್ಯಾನರ್, ಪ್ರಿಂಟರ್, ಒಂದು ಇನ್ವರ್ಟರ್ ಎಲ್ಲವನ್ನೂ ರಿಕ್ಷಾಕ್ಕೆ ತುಂಬಿಕೊಂಡು ಹೋಗಿ ಶಾಲೆಯ ಜಗಲಿಯಲ್ಲಿ ಕೂತ. ನೆನೆದ ಫೋಟೋ ಏನಿದ್ದರೂ ತನ್ನಿ, ಪುಕ್ಕಟೆ ಸರಿಮಾಡಿ ಕೊಡುತ್ತೇನೆ ಎಂದು ಊರಲ್ಲಿ ಹೇಳಿಸಿದ. ವಯರು ಹಿಡಿಯಲು ಒಬ್ಬ ಬೇಕಲ್ಲ, ನನ್ನನ್ನೂ ಎಳೆದುಕೊಂಡು ಹೋಗಿದ್ದ.

ಜನ ಮುಗಿಬಿದ್ದರು. ಒಂದಕ್ಕೊಂದು ಅಂಟಿಕೊಂಡ ಮದುವೆ ಆಲ್ಬಮ್, ಕೆಸರು ಮೆತ್ತಿದ ಅಜ್ಜಂದಿರು, ನಾಮಕರಣದ ಮಕ್ಕಳು. ಕಮಲಾಕರ ಒಂದೊಂದನ್ನೇ ಒಳ್ಳೆಯ ನೀರಿನಲ್ಲಿ ಬಿಡಿಸಿ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ. ಅಳಿಸಿಹೋದ ಜಾಗವನ್ನು ತುಂಬುವ ಹೊಸ ಎಐ ಸಾಫ್ಟ್‌ವೇರ್ ಒಂದನ್ನು ಕಲಿತಿದ್ದ. ಹರಿದ ಸೀರೆಯ ಅಂಚು, ಮಾಸಿದ ಪೇಟ, ಏನು ಕೊಟ್ಟರೂ ಅದು ಗಳಿಗೆಯಲ್ಲಿ ಹೊಸತು ಮಾಡುತ್ತಿತ್ತು. ಹೆಂಗಸರು ಕಣ್ಣೊರೆಸಿಕೊಂಡು ಅವನ ಕೈ ಹಿಡಿದರು. ಅಷ್ಟು ವರ್ಷ ಹಸಿದಿದ್ದ ಮನುಷ್ಯ ಹೊಟ್ಟೆ ತುಂಬ ಹೊಗಳಿಸಿಕೊಂಡ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಗಂಗಿ ಬಂದದ್ದು ಆಗ. ಹೊಳೆಯಲ್ಲಿ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಆಯ್ದು ಮಾರುವ ಹೆಂಗಸು. ಅವಳ ಒಬ್ಬಳೇ ಮಗಳು ಅಂಕಿತಾ ಹೈಸ್ಕೂಲಿಗೆ ಸೇರಿದ ವರ್ಷವೇ ಕಾಮಾಲೆಯಾಗಿ ತೀರಿಕೊಂಡು ಆಗಲೇ ಹತ್ತು ವರ್ಷ ದಾಟಿತ್ತು. ಶಾಲೆಯಲ್ಲಿ ಗ್ರೂಪ್ ಫೋಟೋ ತೆಗೆಸಿದ ದಿನ ಹುಡುಗಿಗೆ ಜ್ವರ. ಹಾಗಾಗಿ ಉಳಿದದ್ದು ಒಂದೇ ಫೋಟೋ. ಬಸ್ ಪಾಸಿಗೆಂದು ಕಮಲಾಕರನೇ ತೆಗೆದದ್ದು, ಆಮೇಲೆ ಅವನೇ ದೊಡ್ಡದು ಮಾಡಿ ಕೊಟ್ಟದ್ದು. ಅವನ ಹಳೆಯ ಹಾರ್ಡ್ ಡಿಸ್ಕ್ ಕೈಕೊಟ್ಟ ಮೇಲೆ ಅದರ ಪ್ರತಿ ಅವನ ಹತ್ತಿರವೂ ಇರಲಿಲ್ಲ.

"ಇದೊಂದೇ ಇರೂದು ಕಮಲಾಕರಣ್ಣ," ಎಂದು ಗಂಗಿ ಟವೆಲಿನ ಮಡಿಕೆ ಬಿಡಿಸಿದಳು. ಬಲಗಣ್ಣು, ಬಲಗಿವಿ, ಒಂದು ಜಡೆ ನೆಟ್ಟಗಿದ್ದವು. ಎಡಗಡೆ ಹುಬ್ಬಿನಿಂದ ಗದ್ದದವರೆಗೆ ಬಣ್ಣವೇ ಎದ್ದುಹೋಗಿ ಬರೀ ಬಿಳಿ ಕಾಗದ.

ನಾನಾಗಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ. ಅರ್ಧ ಮುಖವೇ ಇಲ್ಲದ ಮೇಲೆ ಸರಿಮಾಡುವುದು ಎಂತದನ್ನು? ಆದರೆ ಕಮಲಾಕರನ ಸುತ್ತ ಆಗ ಇಡೀ ಕೇರಿ ನಿಂತಿತ್ತು. ಆ ಸಾಫ್ಟ್‌ವೇರಿಗಂತೂ ಗೊತ್ತಿಲ್ಲ ಎನ್ನುವ ಮಾತೇ ಗೊತ್ತಿಲ್ಲ. ಪರದೆಯ ಮೇಲೆ ಪೂರ್ತಿ ಮುಖದ ಹುಡುಗಿಯೊಬ್ಬಳು ಮೂಡಿದಳು, ನುಣುಪು ಕೆನ್ನೆ, ತಿದ್ದಿದ ಹುಬ್ಬು.

"ಎಂತ ಚಂದ ಬಂತೇ ಗಂಗಿ! ಎದ್ದ್ ಬಂದಂಗೇ ಅದೆ," ಎಂದಳು ಪಕ್ಕದ ಮನೆಯವಳು. ಉಳಿದವರೂ ದನಿಗೂಡಿಸಿದರು.

ಗಂಗಿ ಬಹಳ ಹೊತ್ತು ನೋಡಿದಳು. "ಹೌದ?" ಎಂದಳು. ಎಲ್ಲರೂ ಹೌದೆಂದರು. "ಆತು," ಎಂದು ತೆಗೆದುಕೊಂಡು ಹೋದಳು. ಹೆತ್ತವಳು ಅವಳು, ಹೌದೆಂದು ಸಾರಿದವರು ಊರವರು! ನನಗೆ ಆಗಲೇ ಮೈ ಉರಿದಿತ್ತು.

ಪಿತೃಪಕ್ಷ ಬಂತು. ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಗಂಗಿ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಎರಡೂ ಫೋಟೋ ಇದ್ದವು, ಕಟ್ಟು ಹಾಕಿದ ಹೊಸದು, ನೆನೆದ ಹಳೆಯದು.

"ಮಗಳ ತಿಥಿಗೆ ಎಡೆ ಇಟ್ಟೆ ಕಮಲಾಕರಣ್ಣ. ಅವಳಿಗೆ ಇಷ್ಟ ಅಂತ ಕಡುಬು ಮಾಡಿದ್ದೆ. ಕಾಗೆ ಮನೆ ಮಾಡಿನ ಮೇಲೇ ಕೂತಿತ್ತು. ಎಲೆ ಹತ್ರ ಬರಲೇ ಇಲ್ಲ. ಕತ್ತಲೆ ಆಗೂವರೆಗೆ ಕರ್ದೆ."

"ಕಾಗೆ ಒಂದೊಂದ್ಸಲ ಹಂಗೇ ಗಂಗಕ್ಕ," ಎಂದ ಕಮಲಾಕರ.

"ಇಷ್ಟು ವರ್ಷ ಬರ್ತಿತ್ತು. ಯಾರದೋ ಮಗಳನ್ನ ಇಟ್ಟು ನನ್ನ ಮಗಳನ್ನ ಊಟಕ್ಕೆ ಕರ್ದ್ರೆ ಅವಳು ಹೆಂಗೆ ಬರ್ತಾಳೆ? ನಾಳೆ ಅಮಾಸೆ. ನಾಳೆಯೊಂದೇ ದಿನ ಉಳ್ದದ್ದು. ಇವಳನ್ನ ಸಮ ಮಾಡಿಕೊಡಿ."

ಅವನ ಮುಖ ಸಪ್ಪಗಾಯಿತು. ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡ. ನಾನು ಚಾ ತಂದುಕೊಟ್ಟು ಅಲ್ಲೇ ನಿಂತೆ.

ಮೊದಮೊದಲು ಗಂಗಿಯೇ ಹೇಳುತ್ತಿದ್ದಳು. ಕೆನ್ನೆ ಇಷ್ಟು ತುಂಬಿರಲಿಲ್ಲ. ಹುಬ್ಬಿನ ಮೇಲೆ ಬಾವಿಕಟ್ಟೆಗೆ ಬಡಿದ ಗಾಯದ ಗೆರೆ ಇತ್ತು. ಕಮಲಾಕರ ಗೆರೆ ಎಳೆದ. ಅಷ್ಟು ಉದ್ದ ಅಲ್ಲ ಎಂದಳು. ಗಿಡ್ಡ ಮಾಡಿದ. ಇನ್ನೂ ಸ್ವಲ್ಪ ಕೆಳಗೆ ಎಂದಳು. ಆಮೇಲೆ, ಮೇಲೆಯೇ ಇತ್ತೋ ಏನೋ ಎಂದಳು. ಒಂದೊಂದು ಸಲ ಬದಲಿಸಿದಾಗಲೂ ಅವಳ ಮಾತು ಕಡಿಮೆಯಾಗುತ್ತ ಬಂತು. ಕೊನೆಗೆ ಪರದೆಯಿಂದ ಕಣ್ಣು ಕಿತ್ತು ಅವನ ಕಡೆ ತಿರುಗಿದಳು.

"ನಂಗೆ ಯಾವ್ದೂ ತಿಳೀತಿಲ್ಲ ಈಗ. ಫೋಟೋ ತೆಗ್ದವರು ನೀವಲ್ಲ? ಎದ್ರಿಗೆ ಕೂರ್ಸ್ಕಂಡು ಮುಖ ನೋಡಿದವ್ರು. ನಿಮಗೆ ನೆನಪಿರ್ಲೇಬೇಕು. ನೀವೇ ಹೇಳಿ."

ಕಮಲಾಕರ ಪರದೆಯ ಕಡೆ ತಿರುಗಿದ. "ನೆನಪದೆ ಗಂಗಕ್ಕ," ಎಂದ. "ಕೆನ್ನೆಯ ಮೂಳೆ ಸ್ವಲ್ಪ ಎದ್ದು ಕಾಣ್ತಿತ್ತು."

ನಾನು ಅವನನ್ನೇ ನೋಡಿದೆ. ಪ್ರತಿ ಜೂನಿನಲ್ಲಿ ಬಸ್ ಪಾಸಿಗೆಂದು ಶಾಲೆಗೆ ಶಾಲೆಯೇ ಅವನ ಕ್ಯಾಮೆರಾದ ಮುಂದೆ ಕೂತು ಎದ್ದು ಹೋಗುತ್ತಿತ್ತು. ಬೆಳಿಗ್ಗೆ ಬಂದ ಗಿರಾಕಿಯ ಗುರುತು ಸಂಜೆಗೆ ಸಿಗದ ಮನುಷ್ಯ ಅವನು. ನನ್ನ ಕಣ್ಣು ತಪ್ಪಿಸಿ ಮೌಸ್ ಹಿಡಿದ. ಕೆನ್ನೆ ಹೀಗಿತ್ತು, ತುಟಿಯ ಅಂಚು ಹೀಗೆ, ಎಡಗಣ್ಣು ತುಸು ಸಣ್ಣದು ಎಂದು ಹೇಳುತ್ತ ಹೋದ. ಗಂಗಿ "ಹೌದು, ಹೌದು" ಎನ್ನತೊಡಗಿದಳು. ಅವಳ ದನಿಗೆ ಜೀವ ಬಂತು. ನನಗೆ ಹೊರಟುಹೋಗಬೇಕೆನಿಸಿತು, ಹೋಗಲಾಗಲಿಲ್ಲ.

"ಸಮ ಆತು!" ಎಂದಳು ಕೊನೆಗೆ. ಕಣ್ಣು ಮುಚ್ಚಿದಳು, ತೆರೆದಳು, ನಕ್ಕಳು. "ಕಣ್ ಮುಚ್ಚಿದ್ರೂ ಇದೇ ಕಾಣ್ತದೆ. ನಾಳೆ ಇದನ್ನೇ ಇಡ್ತೆ. ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯೂದಿಲ್ಲ ಕಮಲಾಕರಣ್ಣ."

ಜೀವನದಲ್ಲಿ ಅವನಿಗೆ ಸಿಕ್ಕ ದೊಡ್ಡ ಹೊಗಳಿಕೆ ಅದು. ಪ್ರಿಂಟ್ ಕೊಡಲು ಹೋದ ಕೈ ಅಲ್ಲೇ ನಿಂತಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಗಂಗಕ್ಕ, ನಂಗೆ ಅವಳ ಮುಖ ನೆನಪಿಲ್ಲ. ಒಂಚೂರೂ ಇಲ್ಲ. ಬಾಯಿಗೆ ಬಂದದ್ದು ಹೇಳ್ದೆ."

ಗಂಗಿ ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳು ಹಳೆಯ ಫೋಟೋ ಎತ್ತಿಕೊಂಡು ಉಳಿದ ಅರ್ಧ ಮುಖವನ್ನು ದಿಟ್ಟಿಸಿದಳು. ಮತ್ತೆ ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ ಕೂತಳು. ಹೊರಗೆ ಗೋಕರ್ಣದ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ಕಮಲಾಕರ ಗಾಬರಿಯಿಂದ ಅವಳ ಹೆಸರು ಹಿಡಿದು ಕರೆದ.

ಅವಳು ಕಣ್ಣು ತೆರೆದು ಪರದೆಯ ಮೇಲಿನ ಮುಖಕ್ಕೆ ಬೆರಳು ತೋರಿಸಿದಳು.

"ಇವಳೇ ಬರ್ತಾಳೆ ಕಮಲಾಕರಣ್ಣ," ಎಂದಳು. "ಎಷ್ಟು ಕರ್ದ್ರೂ ಇವಳೇ ಬರ್ತಾಳೆ. ನನ್ನ ಅಂಕಿತಾ ಬರೂದಿಲ್ಲ."